ಸಿಪಿಕೆ ಇಳಿಯಿತು, ನಡಿಗೆಯೂ ಇಳಿಯಿತು: ಬೆಳಕಿನ ಚಿಕಿತ್ಸೆಯ ಒಂದು ಪ್ರಕರಣ

ಎಂಟು ವರ್ಷದ ಹುಡುಗ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಸವೆಯುತ್ತಾ ಹೋಗುವ ಕಾಯಿಲೆ. ಐದು ತಿಂಗಳ ಅಂತರದಲ್ಲಿ ಎರಡು ರಕ್ತ ಪರೀಕ್ಷೆ ಆಗಿದ್ದವು. ಮೊದಲನೆಯದರಲ್ಲಿ ಸಿಪಿಕೆ, ಅಂದರೆ ಸ್ನಾಯು ಹರಿದಾಗ ರಕ್ತಕ್ಕೆ ಸೋರುವ ಕಿಣ್ವ, 14,200, ಎರಡನೆಯದರಲ್ಲಿ 8,600. ಆ ಐದು ತಿಂಗಳು ದಾವಣಗೆರೆಯ ಒಂದು ಖಾಸಗಿ ಸೆಂಟರಿನಲ್ಲಿ ಅವನ ಕಾಲಿಗೆ ಲೈಟ್ ಕೊಡಿಸಿದ್ದರು. ಅಪ್ಪನ ಲೆಕ್ಕ ನೇರವಾಗಿತ್ತು. ಲೈಟ್ ಕೊಟ್ಟೆವು, ಕಾಯಿಲೆ ಇಳಿಯಿತು.

ಅದೇ ಐದು ತಿಂಗಳಲ್ಲಿ ಹುಡುಗ ನೆಲದಿಂದ ಎದ್ದು ನಿಲ್ಲಲು ಹಿಡಿಯುವ ಹೊತ್ತು 5 ಸೆಕೆಂಡಿನಿಂದ 8 ಸೆಕೆಂಡಿಗೆ ಹೋಗಿತ್ತು. ಹತ್ತು ಮೀಟರ್ ಓಟ ಓಟವಾಗಿ ಉಳಿದಿರಲಿಲ್ಲ, ಬಿರುಸು ನಡಿಗೆ ಆಗಿತ್ತು. ಎರಡೂ ಅಳತೆ ಸರಿಯಾಗೇ ಇದ್ದವು. ಹಾಗಾದರೆ ಯಾವುದನ್ನು ನಂಬಬೇಕು? ಈ ಪ್ರಕರಣ ಇರುವುದೇ ಆ ಪ್ರಶ್ನೆಯಲ್ಲಿ.

ನಾನು ದಾವಣಗೆರೆಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವವನು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಹುಡುಗನನ್ನು ಇಲ್ಲಿ ಪುಟ್ಟ ಅನ್ನುತ್ತೇನೆ.

ಹುಡುಗ, ಮನೆ, ಕಾಯಿಲೆ

ಊರು ಜಗಳೂರು ತಾಲ್ಲೂಕಿನದು. ಮಳೆ ನಂಬಿದ ಮೂರೆಕರೆ ಹೊಲ, ಮೆಕ್ಕೆಜೋಳ ಮತ್ತು ಶೇಂಗಾ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಎಂಟನೇ ಕ್ಲಾಸಿನ ಅಕ್ಕ. ಪುಟ್ಟ ಅಂಗನವಾಡಿಗೆ ಹೋಗುವಾಗಲೇ ಪದೇ ಪದೇ ಬೀಳುತ್ತಿದ್ದ. ಆದರೆ ಮೀನಖಂಡ ದಪ್ಪಗಿತ್ತು. ‘ಪೈಲ್ವಾನ ಆಗ್ತಾನ ನೋಡು’ ಅಂತ ಅಜ್ಜಿ ಹೆಮ್ಮೆ ಪಡುತ್ತಿದ್ದರಂತೆ. ಆ ದಪ್ಪ ಶಕ್ತಿಯ ಗುರುತಲ್ಲ. ಸತ್ತ ಸ್ನಾಯುವಿನ ಜಾಗಕ್ಕೆ ಕೊಬ್ಬು ಮತ್ತು ನಾರು ಬಂದು ತುಂಬಿಕೊಂಡಾಗಲೂ ಮೀನಖಂಡ ಹಾಗೇ ಕಾಣುತ್ತದೆ.

ಐದನೇ ವಯಸ್ಸಿನಲ್ಲಿ ಜ್ವರಕ್ಕೆಂದು ರಕ್ತ ನೋಡಿದಾಗ ಎಸ್‌ಜಿಓಟಿ, ಎಸ್‌ಜಿಪಿಟಿ ಅನ್ನುವ ಕಿಣ್ವಗಳು ಜಾಸ್ತಿ ಬಂದವು. ಲಿವರ್ ತೊಂದರೆ ಅಂದುಕೊಂಡು ಕಾಮಾಲೆಯ ನಾಟಿ ಔಷಧಿ, ಪಥ್ಯ ಎಲ್ಲ ನಡೆಯಿತು. ಈ ಕಿಣ್ವಗಳು ಲಿವರಿನಲ್ಲಿ ಮಾತ್ರ ಇರುವುದಿಲ್ಲ, ಸ್ನಾಯುವಿನಲ್ಲೂ ಇರುತ್ತವೆ. ಕಣ್ಣು ಹಳದಿ ಆಗಿಲ್ಲ, ಗಂಡು ಮಗು, ಓಡಲು ಕಷ್ಟಪಡುತ್ತಾನೆ, ಈ ಎರಡು ಅಂಕಿ ಏರಿವೆ ಅಂದರೆ ಒಮ್ಮೆ ಸಿಪಿಕೆ ಮಾಡಿಸಿ. ಇನ್ನೂರು ರೂಪಾಯಿಯೋ ನಾನೂರು ರೂಪಾಯಿಯೋ, ವರ್ಷಗಟ್ಟಲೆ ಅಲೆದಾಟ ಉಳಿಯುತ್ತದೆ.

ಪುಟ್ಟನಿಗೆ ಆರು ತುಂಬುವ ಹೊತ್ತಿಗೆ ಮಕ್ಕಳ ಡಾಕ್ಟರೊಬ್ಬರು ಅವನು ನೆಲದಿಂದ ಏಳುವುದನ್ನು ನೋಡಿದರು. ಮೊಣಕಾಲಿಗೆ, ತೊಡೆಗೆ ಕೈ ಊರಿ, ತನ್ನ ಮೈಯನ್ನೇ ತಾನು ಹತ್ತಿಕೊಂಡು ಏಳುತ್ತಿದ್ದ. ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ 1879ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ಇವತ್ತಿಗೂ ಅವರ ಹೆಸರಲ್ಲೇ ಇದೆ. ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಆಯಿತು. ಡಿಸ್ಟ್ರೋಫಿನ್ ಅನ್ನುವ ಸ್ನಾಯು ಪ್ರೋಟೀನಿನ ಜೀನಿನಲ್ಲಿ 48ರಿಂದ 50ರವರೆಗಿನ ತುಂಡುಗಳು, ಅಂದರೆ ಎಕ್ಸಾನ್‌ಗಳು ಇರಲಿಲ್ಲ. ಆ ಜೀನಿನಲ್ಲಿ ಒಟ್ಟು 79 ಎಕ್ಸಾನ್ ಇವೆ, ಮನುಷ್ಯನಲ್ಲಿ ಗೊತ್ತಿರುವ ಅತಿ ದೊಡ್ಡ ಜೀನ್ ಅದು. ನಡುವಿನ ಮೂರು ತುಂಡು ಹೋದರೆ ಮುಂದಿನ ಬರಹವೆಲ್ಲ ತಪ್ಪಾಗಿ ಓದಿಸಿಕೊಳ್ಳುತ್ತದೆ, ಪ್ರೋಟೀನೇ ತಯಾರಾಗುವುದಿಲ್ಲ. ಡಿಸ್ಟ್ರೋಫಿನ್ ಇಲ್ಲದ ಸ್ನಾಯುಕೋಶದ ಪೊರೆ ಪ್ರತಿ ಸಲ ಬಿಗಿದು ಸಡಿಲವಾದಾಗಲೂ ಹರಿಯುತ್ತದೆ. ಒಳಗಿನ ಸಿಪಿಕೆ ರಕ್ತಕ್ಕೆ ಸೋರುತ್ತದೆ.

ನರರೋಗ ತಜ್ಞರು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಲೆಕ್ಕ ಕಿಲೋಗೆ 0.75 ಮಿಲಿಗ್ರಾಂ, ಇವನ ತೂಕಕ್ಕೆ ದಿನಕ್ಕೆ 15ರ ಆಸುಪಾಸು. ಜೊತೆಗೆ ಕಾಲಿನ ಸ್ಟ್ರೆಚಿಂಗ್, ರಾತ್ರಿ ಪಾದ ನೇರ ಹಿಡಿಯಲು ಹಾಕಿಕೊಳ್ಳುವ ಸ್ಪ್ಲಿಂಟ್, ವರ್ಷಕ್ಕೊಮ್ಮೆ ಹೃದಯದ ಎಕೋ. ಸ್ಟೀರಾಯ್ಡ್ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಆದರೆ ನಡೆಯುವ ಕಾಲವನ್ನು ಕೆಲವು ವರ್ಷ ಮುಂದಕ್ಕೆ ಎಳೆಯುತ್ತದೆ. ಡುಶೆನ್ ಮಕ್ಕಳ ಮಟ್ಟಿಗೆ ಅದು ದೊಡ್ಡ ಗಳಿಕೆ.

ಆದರೆ ಮುಖ ಊದಿಕೊಂಡಿತು, ಹಸಿವು ಜಾಸ್ತಿ ಆಯಿತು, ಹುಡುಗ ಹಟಮಾರಿಯಾದ. ಊರಲ್ಲಿ ಕಂಡವರೆಲ್ಲ ಕೇಳಲು ಶುರು ಮಾಡಿದರು. ಈ ಹೊತ್ತಿನಲ್ಲೇ ಬಂತು ಬೆಳಕಿನ ಸುದ್ದಿ.

ಎರಡು ಬೇರೆ ಬೇರೆ ಬೆಳಕು

ಅಪ್ಪನ ವಾಟ್ಸ್ಆ್ಯಪ್‌ಗೆ ಒಂದು ವಿಡಿಯೋ ಬಂದಿತ್ತು. ಬೆಳಕು ಬಿಟ್ಟು ಸ್ನಾಯುವನ್ನು ಕುಣಿಸಿದ ಅಮೆರಿಕದ ವಿಜ್ಞಾನಿಗಳ ವಿಡಿಯೋ. ಅದು ಸುಳ್ಳು ಸುದ್ದಿಯಲ್ಲ. ಎಂಐಟಿಯಲ್ಲಿ ಹ್ಯೂ ಹರ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಕೆಲಸ. ಇಲಿಯ ಸ್ನಾಯುವನ್ನು ವಿದ್ಯುತ್ತಿನ ಬದಲು ಬೆಳಕಿನಿಂದ ಆಡಿಸಿದರೆ ಅದು ಬೇಗ ದಣಿಯುವುದಿಲ್ಲ ಅಂತ ತೋರಿಸಿದರು. ಅದಕ್ಕೂ ಹತ್ತು ವರ್ಷ ಮೊದಲು, 2014ರಲ್ಲಿ, ಲಂಡನ್ನಿನ ತಂಡವೊಂದು ಇಲಿಯ ಕಡಿದ ನರದೊಳಗೆ ಹೊಸ ನರಕೋಶಗಳನ್ನು ನೆಟ್ಟು, ನೀಲಿ ಬೆಳಕಿನಿಂದ ಕಾಲಿನ ಸ್ನಾಯು ಆಡಿಸಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಕೋಶಗಳಿಗೆ ಪಾಚಿಯಿಂದ ತೆಗೆದ ಒಂದು ಜೀನನ್ನು ಸೇರಿಸಿರುತ್ತಾರೆ. ಅದರಿಂದ ಬೆಳಕು ಗ್ರಹಿಸುವ ಪ್ರೋಟೀನ್ ಬರುತ್ತದೆ. ಆ ಜೀನ್ ಇಲ್ಲದ ಕಾಲಿಗೆ ನೀವು ಎಷ್ಟು ಬೆಳಕು ಬಿಟ್ಟರೂ ಸ್ನಾಯು ಮಿಸುಕುವುದಿಲ್ಲ. ಇದನ್ನು ಆಪ್ಟೋಜೆನೆಟಿಕ್ಸ್ ಅನ್ನುತ್ತಾರೆ.

ಸೆಂಟರಿನಲ್ಲಿ ಕೊಡುತ್ತಿದ್ದದ್ದು ಬೇರೆ. ಅದು ಕೆಂಪು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಹೆಸರು ಫೋಟೋಬಯೋಮಾಡ್ಯುಲೇಶನ್. ಹಳೆಯ ಹೆಸರು ಲೋ ಲೆವೆಲ್ ಲೇಸರ್. ವಿಡಿಯೋದಲ್ಲಿ ಒಂದು ಬೆಳಕು, ಪ್ಯಾಕೇಜಿನಲ್ಲಿ ಇನ್ನೊಂದು. ಎರಡರ ನಡುವೆ ಬೆಳಕು ಅನ್ನುವುದು ಬಿಟ್ಟರೆ ಬೇರೆ ಸಂಬಂಧವಿಲ್ಲ. ಅಪ್ಪ ವಿಡಿಯೋ ತೋರಿಸಿದಾಗ ‘ಹೌದು ಹೌದು, ಅದೇ’ ಅಂದರಂತೆ ಸೆಂಟರಿನವರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಯಂತ್ರದ ಮೇಲೆ ನನಗೇನೂ ದ್ವೇಷವಿಲ್ಲ.

ಯಾಕೆಂದರೆ ಈ ಎರಡನೇ ಬೆಳಕೂ ಬರೀ ಮೋಸವಲ್ಲ. 1967ರಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ಲೇಸರಿನಿಂದ ಕ್ಯಾನ್ಸರ್ ಬರುತ್ತದಾ ಅಂತ ನೋಡಲು ಕೂದಲು ಬೋಳಿಸಿದ ಇಲಿಗಳ ಬೆನ್ನಿಗೆ ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬೆಳೆಯಿತು. ಅಲ್ಲಿಂದ ಶುರುವಾದ ವಿದ್ಯೆ ಇದು. ಕೋಶದ ಮೈಟೋಕಾಂಡ್ರಿಯಾದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನುವ ಕಿಣ್ವ ಈ ಬೆಳಕನ್ನು ಹೀರುತ್ತದೆ, ಕೋಶದ ಶಕ್ತಿ ಉತ್ಪಾದನೆ ಸ್ವಲ್ಪ ಏರುತ್ತದೆ, ಉರಿಯೂತ ತಗ್ಗುತ್ತದೆ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರಿಗೆ ಬಾಯಿ ಹುಣ್ಣಾಗದಂತೆ ತಡೆಯಲು ಈ ಬೆಳಕನ್ನು ಬಳಸಬಹುದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಬಾಯಿಯ ಒಳಚರ್ಮ ತೆಳ್ಳಗಿರುತ್ತದೆ, ಬೆಳಕು ನೇರ ತಲುಪುತ್ತದೆ. ಅಲ್ಲಿ ಅದು ಕೆಲಸ ಮಾಡುತ್ತದೆ.

ಡುಶೆನ್ ವಿಷಯದಲ್ಲೂ ಪ್ರಯೋಗಗಳಾಗಿವೆ. ಡಿಸ್ಟ್ರೋಫಿನ್ ಇಲ್ಲದೆ ಹುಟ್ಟುವ ಎಂಡಿಎಕ್ಸ್ ಅನ್ನುವ ಇಲಿ ತಳಿ ಇದೆ. ಬ್ರೆಜಿಲ್ಲಿನ ಸಂಶೋಧಕರು ಈ ಇಲಿಗಳ ಕಾಲಿಗೆ 14 ವಾರ ಲೇಸರ್ ಕೊಟ್ಟು 2014ರಲ್ಲಿ ವರದಿ ಮಾಡಿದರು. ಸಿಪಿಕೆ ಇಳಿದಿತ್ತು, ಉರಿಯೂತದ ಗುರುತುಗಳು ಕಡಿಮೆಯಾಗಿದ್ದವು. ಅವರು ರಕ್ತವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ಸ್ನಾಯುವನ್ನೇ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಇದು ಒಳ್ಳೆಯ ಕೆಲಸ. ಇಲಿಯ ಮಟ್ಟಿಗೆ.

ಇಲಿಯ ತೂಕ ಇಪ್ಪತ್ತು ಮೂವತ್ತು ಗ್ರಾಂ. ಅದರ ಕಾಲಿನ ಸ್ನಾಯು ಕೆಲವೇ ಮಿಲಿಮೀಟರ್ ದಪ್ಪ, ಬೆಳಕು ಆರಾಮಾಗಿ ಹಾದುಹೋಗುತ್ತದೆ. ಇನ್‌ಫ್ರಾರೆಡ್ ಬೆಳಕು ಮನುಷ್ಯನ ಚರ್ಮ ದಾಟಿ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಚೆದುರಿ, ಹೀರಿಹೋಗಿರುತ್ತದೆ. ಇದನ್ನು ಮಾತಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಕ್ಲಿನಿಕ್ಕಿನ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಅಪ್ಪನ ಬೆರಳಿಗೆ ಒತ್ತಿ ಹಿಡಿದೆ, ಬೆರಳು ಕೆಂಪಗೆ ಹೊಳೆಯಿತು. ಅದೇ ಟಾರ್ಚನ್ನು ಅವರ ತೊಡೆಗೆ ಒತ್ತಿದೆ. ಆಚೆ ಬದಿ ಕತ್ತಲೆ. ಟಾರ್ಚಿನ ಬೆಳಕು ಬೇರೆ, ಇನ್‌ಫ್ರಾರೆಡ್ ಅದಕ್ಕಿಂತ ಆಳಕ್ಕೆ ಹೋಗುತ್ತದೆ ನಿಜ. ಆದರೂ ವಿಷಯ ಅವರಿಗೆ ಅರ್ಥವಾಯಿತು.

ಇನ್ನೊಂದು ಮಾತೂ ಇದೆ. ಡುಶೆನ್ ಮಗುವಿನ ಮೊದಲ ದೌರ್ಬಲ್ಯ ಸೊಂಟ ಮತ್ತು ತೊಡೆಯದು, ಅವೇ ದಪ್ಪ ಸ್ನಾಯುಗಳು. ಮುಂದೆ ಜೀವಕ್ಕೆ ಕುತ್ತು ತರುವುದು ಹೃದಯ ಮತ್ತು ಉಸಿರಾಟದ ಸ್ನಾಯು. ಸೆಂಟರಿನಲ್ಲಿ ಪ್ಯಾಡ್ ಕಟ್ಟುತ್ತಿದ್ದದ್ದು ಮೀನಖಂಡಕ್ಕೆ! ದಪ್ಪಗೆ ಕಾಣುತ್ತಿದ್ದ ಕಡೆಗೆ.

ಸಿಪಿಕೆ ಯಾಕೆ ಇಳಿಯಿತು

ನಾನು ಮೊದಲು ಕೇಳಿದ್ದು ರಕ್ತ ಕೊಟ್ಟ ಹಿಂದಿನ ದಿನ ಹುಡುಗ ಏನು ಮಾಡಿದ್ದ ಅಂತ. ಅಮ್ಮನಿಗೆ ಚೆನ್ನಾಗಿ ನೆನಪಿತ್ತು.

‘ಮೊದಲ್ನೇ ಸಲ ತೇರಿನ ಮಾರನೇ ದಿನ ಕೊಟ್ಟಿದ್ವಿ ಸರ್. ತೇರಲ್ಲಿ ದಿನಪೂರ್ತಿ ಓಡಾಡಿದ್ದ, ಹೇಳಿದ್ರೆ ಎಲ್ಲಿ ಕೇಳ್ತಾನೆ.’

ಎರಡನೇ ಸಲ?

‘ಆವಾಗ ಜ್ವರ ಬಂದು ಎದ್ದಿದ್ದ. ಒಂದೆರಡು ವಾರ ಮನೇಲೇ ಇದ್ದ, ಮೊಬೈಲ್ ನೋಡ್ಕೊಂಡು.’

ಡಿಸ್ಟ್ರೋಫಿನ್ ಇಲ್ಲದ ಸ್ನಾಯು ದುಡಿದಷ್ಟೂ ಹರಿಯುತ್ತದೆ. ಜಾತ್ರೆಯಲ್ಲಿ ಓಡಾಡಿದ ಮರುದಿನ ಸಿಪಿಕೆ ಏರಲೇಬೇಕು. ಹಾಸಿಗೆಯಲ್ಲಿದ್ದ ಹುಡುಗನದು ಇಳಿಯಲೇಬೇಕು. ಒಂದೇ ಮಗುವಿನಲ್ಲಿ ವಾರದಿಂದ ವಾರಕ್ಕೆ ಸಾವಿರಾರು ಅಂಕಿ ಏರುಪೇರಾಗುವುದು ಈ ಕಾಯಿಲೆಯಲ್ಲಿ ಮಾಮೂಲು.

ಇದಕ್ಕಿಂತ ಕಹಿಯಾದ ಇನ್ನೊಂದು ಕಾರಣ ಇದೆ. ಸೋರಲು ಸ್ನಾಯು ಇರಬೇಕಲ್ವಾ? ವರ್ಷ ಕಳೆದಂತೆ ಸ್ನಾಯು ಕಡಿಮೆಯಾಗಿ ಕೊಬ್ಬು, ನಾರು ಜಾಸ್ತಿಯಾಗುತ್ತದೆ, ಸಿಪಿಕೆ ತಾನಾಗೇ ಇಳಿಯುತ್ತಾ ಬರುತ್ತದೆ. ಗಾಲಿಕುರ್ಚಿಗೆ ಬಂದ ಹದಿನೈದರ ಹುಡುಗನ ಸಿಪಿಕೆ ನಾಲ್ಕರ ಮಗುವಿನದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಅವನು ಗುಣವಾಗಿದ್ದಾನೆ ಅಂತ ಯಾರೂ ಅನ್ನುವುದಿಲ್ಲ. ಸಿಪಿಕೆ ಕಾಯಿಲೆ ಪತ್ತೆಗೆ ಒಳ್ಳೆಯ ಪರೀಕ್ಷೆ. ಚಿಕಿತ್ಸೆ ಫಲ ಕೊಟ್ಟಿತಾ ಅಂತ ತೂಗಲು ಅದೊಂದನ್ನೇ ನಂಬಿದರೆ ಕೆಟ್ಟ ಪರೀಕ್ಷೆ.

ನಾವು ನಂಬುವುದು ಕೆಲಸವನ್ನು. ನೆಲದಿಂದ ಏಳಲು ಎಷ್ಟು ಸೆಕೆಂಡು, ಹತ್ತು ಮೀಟರ್ ಓಡಲು ಎಷ್ಟು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾನೆ. ನಾರ್ತ್ ಸ್ಟಾರ್ ಅನ್ನುವ ಅಳತೆ ಇದೆ, 17 ಕೆಲಸ, ಒಟ್ಟು 34 ಅಂಕ. ಒಂಟಿಕಾಲಲ್ಲಿ ನಿಲ್ಲುವುದು, ಜಿಗಿಯುವುದು, ಮೆಟ್ಟಿಲು ಹತ್ತುವುದು, ಇಂಥವು. ಇದಕ್ಕೆ ಒಂದು ಸ್ಟಾಪ್‌ವಾಚ್ ಮತ್ತು ಕಾರಿಡಾರ್ ಸಾಕು. ಸೆಂಟರಿನಲ್ಲಿ ಇದ್ಯಾವುದನ್ನೂ ಮಾಡಿರಲಿಲ್ಲ. ನನ್ನ ಬಳಿ ಹಳೆಯ ಅಂಕಿಗಳು ಇದ್ದವು, ಆದ್ದರಿಂದ ಇಳಿಕೆ ಕಾಗದದ ಮೇಲೆ ಕಂಡಿತು. ಹಿಮ್ಮಡಿಯ ಸ್ನಾಯುರಜ್ಜು ಬಿಗಿದು ಪಾದ ಮೇಲಕ್ಕೆ ಬಾಗುವುದು ನೇರಕ್ಕೆ ಬರುವ ಮೊದಲೇ ನಿಲ್ಲುತ್ತಿತ್ತು, ಹುಡುಗ ತುದಿಗಾಲಲ್ಲಿ ನಡೆಯುತ್ತಿದ್ದ.

ಇದೇ ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು. ಪುಟ್ಟ ಎಂಟರ ಬದಲು ಐದು ವರ್ಷದವನಾಗಿದ್ದರೆ? ಆರೇಳು ವರ್ಷದವರೆಗೆ ಡುಶೆನ್ ಮಕ್ಕಳು ಸಹಜವಾಗೇ ಸುಧಾರಿಸುತ್ತಾರೆ. ಕಾಯಿಲೆ ಕೆಡಿಸುವುದಕ್ಕಿಂತ ಬೆಳವಣಿಗೆ ಮುಂದಿರುವ ಕಾಲ ಅದು. ಆಗ ಲೈಟ್ ಕೊಡಿಸಿದ್ದರೆ ನಡಿಗೆಯೂ ಸುಧಾರಿಸುತ್ತಿತ್ತು, ಎಲ್ಲ ಕೀರ್ತಿ ಲೈಟಿಗೇ ಹೋಗುತ್ತಿತ್ತು. ಲೈಟ್ ಕೊಡದ ಮಕ್ಕಳ ಜೊತೆ ಹೋಲಿಸದೆ ಒಂದೇ ಮಗುವಿನ ಕತೆಯನ್ನು ಯಾರು ಹೇಳಿದರೂ ನಂಬಲಾಗದು. ಈ ಬರಹಕ್ಕೂ ಅದು ಅನ್ವಯಿಸುತ್ತದೆ. ಲೈಟಿನಿಂದ ಪುಟ್ಟನ ಸ್ನಾಯು ಹಾಳಾಯಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ.

ಕೆಡಿಸಿದ್ದು ಯಾವುದು

ಲೈಟ್ ಆಕ್ರಮಿಸಿಕೊಂಡ ಜಾಗ. ನನ್ನ ತೀರ್ಮಾನ ಇದು.

ವಾರಕ್ಕೆ ಮೂರು ದಿನ ಊರಿಂದ ಜಗಳೂರು, ಅಲ್ಲಿಂದ ದಾವಣಗೆರೆ ಬಸ್ಸು. ಸಂಜೆ ಮನೆ ಸೇರುವಾಗ ಹುಡುಗನೂ ಸುಸ್ತು, ಅಮ್ಮನೂ ಸುಸ್ತು. ಮೊದಲು ಬಿಟ್ಟುಹೋದದ್ದು ಸಂಜೆಯ ಸ್ಟ್ರೆಚಿಂಗ್. ಆಮೇಲೆ ರಾತ್ರಿಯ ಸ್ಪ್ಲಿಂಟ್, ‘ಲೈಟ್ ಕೊಟ್ಟ ಕಾಲಿಗೆ ಬಿಗಿ ಕಟ್ಟಬೇಡಿ’ ಅಂದಿದ್ದರಂತೆ. ಶಾಲೆ ತಪ್ಪಿತು. ಶಾಲೆಗೆ ನಡೆದು ಹೋಗಿ ಬರುವ ಹದವಾದ ವ್ಯಾಯಾಮವೂ ತಪ್ಪಿತು. ಪ್ಯಾಕೇಜಿಗೆ ಸಂಘದ ಸಾಲ ತೆಗೆದಿದ್ದರು. ವಾರ ವಾರ ಕಂತು ಬರುತ್ತಿತ್ತು, ಆದ್ದರಿಂದ ಆ ವರ್ಷದ ಎಕೋ ಮುಂದಕ್ಕೆ ಹೋಯಿತು.

ಎಲ್ಲಕ್ಕಿಂತ ದೊಡ್ಡದು ಮಾತ್ರೆ. ‘ಲೈಟ್ ಇರುವಾಗ ಸ್ಟೀರಾಯ್ಡ್ ಯಾಕೆ, ಅದು ವಿಷ’ ಅಂತ ಯಾರೋ ಅಂದರು. ಅಪ್ಪ ಮಾತ್ರೆ ಅರ್ಧ ಮಾಡಿದರು. ಮುಖದ ಊತ ಇಳಿಯಿತು, ಎಲ್ಲರಿಗೂ ಸಂತೋಷ. ನಾಲ್ಕನೇ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದರು. ಕೆಲವು ದಿನಕ್ಕೆ ಸಾಮಾನ್ಯ ಜ್ವರ ಬಂತು. ವಾಂತಿ, ಎಚ್ಚರವೇ ಇಲ್ಲದಂಥ ಮಂಪರು, ಕೈಕಾಲು ತಣ್ಣಗೆ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ‘ಯಾವುದಾದ್ರೂ ಮಾತ್ರೆ ನಿಲ್ಲಿಸಿದೀರಾ?’ ಅಂತ ಕೇಳಿದ್ದಕ್ಕೆ ಅಮ್ಮ ಬಾಯಿಬಿಟ್ಟರು. ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್, ಡ್ರಿಪ್ ಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ.

ಆಗಿದ್ದು ಇಷ್ಟು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಿನವೂ ದೇಹಕ್ಕೆ ಬೇಕಾದ ಸ್ಟೀರಾಯ್ಡ್ ತಯಾರಿಸುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಬರುತ್ತಿದ್ದರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ. ಮಾತ್ರೆ ತಟ್ಟನೆ ನಿಂತಾಗ ಅದು ಕೂಡಲೇ ಎಚ್ಚೆತ್ತುಕೊಳ್ಳುವುದಿಲ್ಲ. ಜ್ವರದಂಥ ಹೊತ್ತಿನಲ್ಲಿ ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೂ ಹೋಗಬಹುದು. ಸ್ಟೀರಾಯ್ಡ್ ಮೇಲಿರುವ ಮಗುವಿಗೆ ವಾಂತಿ ಆಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಇದೇ ಅಪಾಯ. ಕಾಯದೆ ಆಸ್ಪತ್ರೆಗೆ ಹೋಗಬೇಕು. ‘ಇವನು ಸ್ಟೀರಾಯ್ಡ್ ಮೇಲಿದ್ದಾನೆ’ ಅಂತ ಬರೆದ ಚೀಟಿ ಮಗುವಿನ ಬ್ಯಾಗಿನಲ್ಲಿ ಇರಲಿ. ಪುಟ್ಟನ ಕಂಪಾಸ್ ಬಾಕ್ಸಿನಲ್ಲಿ ಈಗ ಇದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಏನು ಮಾಡಿದೆವು

ನರರೋಗ ತಜ್ಞರು ಸ್ಟೀರಾಯ್ಡ್ ಮತ್ತೆ ಶುರು ಮಾಡಿದರು. ತೂಕದ ಚಿಂತೆಗೆ ಈ ಸಲ ಡಿಫ್ಲಜಾಕಾರ್ಟ್ ಅನ್ನುವ ಬೇರೆ ಸ್ಟೀರಾಯ್ಡ್ ಆಯ್ದರು, ಅದರಲ್ಲಿ ತೂಕ ಏರುವುದು ಸ್ವಲ್ಪ ಕಡಿಮೆ. ಕಣ್ಣಿನ ಪೊರೆ ಬರುವ ಸಂಭವ ಇರುವುದರಿಂದ ಕಣ್ಣಿನ ಪರೀಕ್ಷೆ ಸೇರಿಸಿದರು. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಎಕೋ ಆಯಿತು, ಹೃದಯ ಸದ್ಯಕ್ಕೆ ಚೆನ್ನಾಗಿದೆ.

ನನ್ನ ಪಾಲಿಗೆ ಬಂದದ್ದು ಹಿಮ್ಮಡಿ. ಹೊಸ ಸ್ಪ್ಲಿಂಟ್ ಅಳತೆ ಕೊಟ್ಟು ಮಾಡಿಸಿದೆವು. ಸ್ಟ್ರೆಚಿಂಗನ್ನು ಅಮ್ಮನ ಬದಲು ಅಕ್ಕ ಮತ್ತು ಅಜ್ಜಿಗೆ ಕಲಿಸಿದೆ. ರಾತ್ರಿ ಟಿವಿ ಮುಂದೆ ಅಜ್ಜಿ ಹೇಗೂ ಕೂರುತ್ತಾರೆ, ಮೊಮ್ಮಗನ ಕಾಲು ಅವರ ತೊಡೆಯ ಮೇಲೆ. ಪಾದ ಒತ್ತಿ ಹಿಡಿದು ನಿಧಾನಕ್ಕೆ ಮೂವತ್ತು ಎಣಿಸಬೇಕು. ‘ದೇವ್ರ ನಾಮ ಹೇಳ್ಕೊಂತ ಹಿಡೀತೀನಿ ಬಿಡಪ್ಪ’ ಅಂದರು. ಅದಕ್ಕಿಂತ ಒಳ್ಳೆಯ ಟೈಮರ್ ಬೇಡ. ಮೆಟ್ಟಿಲು ಇಳಿಯುವುದು, ಗುಡ್ಡದಿಂದ ಓಡಿ ಇಳಿಯುವುದು ಬೇಡ ಅಂದೆ. ಸ್ನಾಯು ಹಿಗ್ಗುತ್ತಾ ದುಡಿಯುವಾಗಲೇ ಪೊರೆ ಹೆಚ್ಚು ಹರಿಯುತ್ತದೆ. ಶಾಲೆಯಲ್ಲಿ ಅವನ ತರಗತಿಯನ್ನು ನೆಲಮಹಡಿಗೆ ತಂದುಕೊಟ್ಟರು, ಒಂದು ಅರ್ಜಿ ಸಾಕಾಯಿತು.

ಲೈಟಿನ ವಿಷಯಕ್ಕೆ ಅಮ್ಮ ಸುಲಭಕ್ಕೆ ಬಗ್ಗಲಿಲ್ಲ. ‘ಕಾಲು ಬೆಚ್ಚಗಾಗಿ ಆರಾಮ ಅನ್ಸುತ್ತೆ ಅಂತಿದ್ದ ಸರ್, ರಾತ್ರಿ ಕಾಲು ನೋವು ಅನ್ನೋದು ಕಡಿಮೆ ಆಗಿತ್ತು.’ ಅದು ನಿಜವಿರಬಹುದು, ನೋವಿಗೆ ಈ ಬೆಳಕು ಸ್ವಲ್ಪ ಮಟ್ಟಿಗೆ ಆಗಿಬರುತ್ತದೆ. ಆದರೆ ಬೆಚ್ಚಗಿನ ನೀರಿನ ಚೀಲಕ್ಕೆ ಸಾಲ ಬೇಡ, ಬಸ್ ಬೇಡ. ನನ್ನ ಕ್ಲಿನಿಕ್ಕಿನಲ್ಲೂ ಲೇಸರ್ ಯಂತ್ರ ಇದೆ, ಹಿಮ್ಮಡಿ ನೋವಿನ ದೊಡ್ಡವರಿಗೆ ಬಳಸುತ್ತೇನೆ. ಪುಟ್ಟನಿಗೆ ಬಳಸಲಿಲ್ಲ. ಎಷ್ಟು ಡೋಸು, ಯಾವ ಸ್ನಾಯುವಿಗೆ, ಎಷ್ಟು ಕಾಲ ಅನ್ನುವುದಕ್ಕೆ ಡುಶೆನ್ ಮಕ್ಕಳಲ್ಲಿ ಒಪ್ಪಿತವಾದ ಲೆಕ್ಕವಿಲ್ಲ. ಈ ಬೆಳಕಿನದು ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನುವ ಜಾತಿಯಲ್ಲ, ಡೋಸು ಮಿತಿ ಮೀರಿದರೆ ಫಲ ತಿರುಗುಮುರುಗಾಗುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಅಪ್ಪ ಕೇಳಿದ ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು. ‘ನಾಳೆ ಇನ್ನೊಬ್ರು ಇನ್ನೊಂದು ತಗೊಂಡು ಬರ್ತಾರೆ. ನಮಗೆ ಹೆಂಗ್ ಗೊತ್ತಾಗ್ಬೇಕು?’

ಮೊದಲು ದುಡ್ಡು ಯಾರು ಕೊಡುತ್ತಾರೆ ನೋಡಿ ಅಂದೆ. ಹೊಸ ಚಿಕಿತ್ಸೆಯನ್ನು ನಿಜವಾಗಿ ಪರೀಕ್ಷೆ ಮಾಡುವವರು ರೋಗಿಯಿಂದ ಪ್ಯಾಕೇಜ್ ಕಟ್ಟಿಸಿಕೊಳ್ಳುವುದಿಲ್ಲ. ಭಾರತದಲ್ಲಿ ಇಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿಯಾಗಬೇಕು, 2009ರಿಂದ ಇದು ಕಡ್ಡಾಯ. ಪಟ್ಟಿ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗಿದೆ. ನೋಂದಣಿ ಸಂಖ್ಯೆ ಕೇಳಿ. ಶುರುವಿಗೆ ಮೊದಲು, ಮುಗಿದ ಮೇಲೆ ಏನನ್ನು ಅಳೆಯುತ್ತೀರಿ ಅಂತ ಕೇಳಿ. ‘ಹಳೆ ಮಾತ್ರೆ ನಿಲ್ಲಿಸಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ನಾಳೆ ಬೆಳಕಿನದ್ದೇ ಸರಿಯಾದ ಪ್ರಯೋಗ ಮಕ್ಕಳಲ್ಲಿ ಶುರುವಾದರೆ ನಾನೇ ಪುಟ್ಟನನ್ನು ಕಳಿಸುತ್ತೇನೆ. ಇಲಿಯಲ್ಲಿ ಕಂಡ ಫಲ ಅಷ್ಟು ಕುತೂಹಲವನ್ನಂತೂ ಹುಟ್ಟಿಸಿದೆ.

ಕಾಗದದ ಕೆಲಸ ಇನ್ನೂ ನಡೆಯುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ. ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿದ್ದಾರೆ. ಅದು ಸಿಕ್ಕರೆ ಬಸ್ ಪಾಸ್, ಮಾಸಾಶನಕ್ಕೆ ದಾರಿ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲೂ ಡುಶೆನ್ ಸೇರಿದೆ, ಅದರ ನೋಂದಣಿಗೆ ಬೆಂಗಳೂರಿಗೆ ಹೋಗಬೇಕು.

ಮೂರು ತಿಂಗಳ ನಂತರದ ಅಳತೆಯಲ್ಲಿ ನೆಲದಿಂದ ಏಳುವುದು 7 ಸೆಕೆಂಡು. ಹಳೆಯ 5ಕ್ಕೆ ಮರಳಿಲ್ಲ, ಮರಳುತ್ತದೆ ಅಂತ ನಾನು ಹೇಳಿಯೂ ಇಲ್ಲ. ಹಿಮ್ಮಡಿ ನೆಲ ಮುಟ್ಟುತ್ತಿದೆ. ಬಾಕಿ ಇರುವುದು ಅಮ್ಮನ ಮತ್ತು ಅಕ್ಕನ ಜೀನ್ ಪರೀಕ್ಷೆ. ಈ ಕಾಯಿಲೆ ಎಕ್ಸ್ ಕ್ರೋಮೋಸೋಮಿನಲ್ಲಿ ಸಾಗುತ್ತದೆ, ಮೂರರಲ್ಲಿ ಎರಡು ಪಾಲು ತಾಯಂದಿರು ವಾಹಕರಾಗಿರುತ್ತಾರೆ. ವಾಹಕರಿಗೂ ಮುಂದೆ ಹೃದಯದ ತೊಂದರೆ ಬರಬಹುದು. ಅಮ್ಮನ ರಕ್ತ ಮೊದಲು ಹೋಗುತ್ತದೆ. ಅಕ್ಕನಿಗೆ ಯಾವಾಗ, ಹೇಗೆ ಹೇಳುವುದು ಅನ್ನುವುದನ್ನು ಬೆಂಗಳೂರಿನ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ತೀರ್ಮಾನಿಸಲಿದ್ದಾರೆ.